ಮತ್ತೊಮ್ಮೆ ಬದುಕುವುದಾದರೆ

ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪುಸ್ತಕ ಹುಡುಕುವಾಗ ಕೆನ್ ಗ್ರಿಮ್‌ವುಡ್ ಎಂಬ ಅಮೆರಿಕನ್ ಲೇಖಕನ ‘ರೀಪ್ಲೇ’ ಕಾದಂಬರಿ ಸಿಕ್ಕಿತು. 43 ವರ್ಷದ ಜೆಫ್ 1988ರಲ್ಲಿ ಹೃದಯಾಘಾತದಿಂದ ಸಾಯುತ್ತಾನೆ. ಕಣ್ಣು ಬಿಟ್ಟರೆ 1963; ವಯಸ್ಸು 18, ನೆನಪೆಲ್ಲ ಹಾಗೇ ಇದೆ! ಯಾವ ಕುದುರೆ ಗೆಲ್ಲುತ್ತದೆಂದು ಗೊತ್ತಲ್ಲ, ಬಾಜಿ ಕಟ್ಟಿ ಶ್ರೀಮಂತನಾಗುತ್ತಾನೆ.

ನನಗೂ ಆಸೆಯಾಯಿತು. 1998ರಲ್ಲಿ ನೌಕರಿಗಾಗಿ ಧಾರವಾಡ ಬಿಟ್ಟು ಬಂದವನು ನಾನು. ಮುಂದೆ ಅಪ್ಪ ತೀರಿಕೊಂಡಾಗ ನನ್ನ ರೈಲು ಇನ್ನೂ ಮಿರಜ ದಾಟಿರಲಿಲ್ಲ. ಆ ವರ್ಷ ಮರಳಿ ಸಿಕ್ಕರೆ ನೌಕರಿಯ ಪತ್ರ ಹರಿದುಹಾಕಿ ಊರಲ್ಲೇ ಇದ್ದುಬಿಡುತ್ತಿದ್ದೆ ಅಂತ ಎಷ್ಟು ರಾತ್ರಿ ಅಂದುಕೊಂಡಿದ್ದೇನೋ.

ಆದರೆ ಜೆಫ್‌ಗೆ ಎರಡನೇ ಬಾಳಿನಲ್ಲಿ ಒಬ್ಬ ಮಗಳು ಹುಟ್ಟುತ್ತಾಳೆ. ಅವನು ಮತ್ತೆ ಸತ್ತು, ಮತ್ತೆ ಹಿಂದಕ್ಕೆ ಬಂದಾಗ ಅವಳು ಹುಟ್ಟೇ ಇರುವುದಿಲ್ಲ. ಕೂತು ಅಳೋಣವೆಂದರೆ ಒಂದು ಗೋರಿಯೂ ಇಲ್ಲ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ಒಳಗೆ ನನ್ನ ಮಗಳು ಗೆಳತಿಯ ಜೊತೆ ಮರಾಠಿಯಲ್ಲಿ ಮಾತಾಡುತ್ತ ನಗುತ್ತಿದ್ದಳು. ನಾನು ಇಲ್ಲಿಗೆ ಬರದೆ ಹೋಗಿದ್ದರೆ ಅವಳೂ ಇಲ್ಲ.

ನಮ್ಮ ಯಯಾತಿಗೂ ಎರಡನೇ ಯೌವನ ಸಿಕ್ಕಿತ್ತಲ್ಲವೆ? ಅವನ ಮುಪ್ಪು ಹೊತ್ತವನು ಮಗ ಪೂರು. ಕಳೆದದ್ದನ್ನು ಮರಳಿ ಕೇಳುವ ಅಪ್ಪಂದಿರ ಸಾಲ ತೀರಿಸುವವರು ಯಾವಾಗಲೂ ಮಕ್ಕಳೇ ಏನೋ.

ಅಪ್ಪನ ವಿಷಯದ ಕೊರಗು ಹೋಗಿಲ್ಲ. ಹೋಗಬೇಕು ಅಂತಲೂ ಈಗ ಅನಿಸುವುದಿಲ್ಲ. ಅವ್ವ ಇನ್ನೂ ಧಾರವಾಡದಲ್ಲಿದ್ದಾಳೆ. ಈ ಸಲ ದೀಪಾವಳಿಗೆ ಕಾಯುವುದು ಬೇಡವೆಂದು, ಬರುವ ಶನಿವಾರಕ್ಕೇ ಮಗಳದೂ ನನ್ನದೂ ಟಿಕೆಟ್ ತೆಗೆಸಿದ್ದೇನೆ.