ಇಂದಿನ ಧಮ್ಮ ಚಿಂತನೆ: ಎಲೆ ಸೊಂಪು, ಹೂವಿಲ್ಲ





ಎಷ್ಟೋ ಮನೆಗಳಲ್ಲಿ ಕುಂಡದ ಮಲ್ಲಿಗೆ ಸೊಂಪಾಗಿ ಬೆಳೆದಿರುತ್ತದೆ. ಎಲೆ ಕಡುಹಸಿರು, ಬಳ್ಳಿ ಉದ್ದ. ಮೊಗ್ಗು ಮಾತ್ರ ಇಲ್ಲ. ಇದು ಯಾರ ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ. ಯೂರಿಯಾ ಹೆಚ್ಚಾದರೆ ಅದರ ಸಾರಜನಕ ಎಲೆಯನ್ನೇ ಬೆಳೆಸುತ್ತದೆ. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳದಿದ್ದರೆ ಮೊಗ್ಗು ಕಡಿಮೆ. ಮಲ್ಲಿಗೆ ಅರಳುವುದು ಹೊಸ ಚಿಗುರಿನಲ್ಲಿ. ಹಳೆಯ ಕೊಂಬೆ ಸವರದಿದ್ದರೆ ಚಿಗುರು ಎಲ್ಲಿಂದ ಬರಬೇಕು?

ಕಾರಣವಿದ್ದರೆ ಫಲ, ಕಾರಣ ಬದಲಾದರೆ ಫಲವೂ ಬದಲು. ಬುದ್ಧರು ಕಲಿಸಿದ ಪಟಿಚ್ಚಸಮುಪ್ಪಾದವನ್ನು ಕುಂಡದಲ್ಲೇ ಕಾಣಬಹುದು.

ನಮ್ಮನ್ನೂ ಹೀಗೇ ನೋಡಿಕೊಳ್ಳೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ 22 ಪ್ರತಿಜ್ಞೆಗಳನ್ನು ಕೊಟ್ಟರು. ಇಂದು ಮನೆಯ ಗೋಡೆಯಲ್ಲಿ ಅವರ ಚಿತ್ರವಿದೆ, ತ್ರಿಸರಣ ಬಾಯಿಪಾಠವಾಗಿದೆ, ಜಯಂತಿ ಜೋರಾಗಿ ನಡೆಯುತ್ತದೆ. ಇವು ಬೇಡವೆಂದಲ್ಲ, ಎಲೆಯಿಲ್ಲದೆ ಗಿಡ ಬದುಕದು. ಆದರೆ ಮಗಳ ಮದುವೆ ಮಾತು ಬಂದಾಗ "ಹುಡುಗನ ಕಡೆಯವರು ಎಡಗೈಯೋ ಬಲಗೈಯೋ?" ಎಂದು ಮೆಲ್ಲಗೆ ವಿಚಾರಿಸಿದರೆ, ಸಮಾನತೆಯ ಪ್ರತಿಜ್ಞೆ ಅರಳಿದ್ದೆಲ್ಲಿ?

ಅಲ್ಲಿ ಬೇಕಾದದ್ದು ಇನ್ನಷ್ಟು ಗೊಬ್ಬರವಲ್ಲ, ಇನ್ನೊಂದು ಬ್ಯಾನರ್ ಅಲ್ಲ, ಕತ್ತರಿ. ಉಪಜಾತಿಯ ಒಣಕೊಂಬೆಯನ್ನು ನಾವೇ ಸವರಬೇಕು, ಅದೂ ನಮ್ಮ ಮನೆಯಿಂದಲೇ.

ಇಂದಿನ ಅಭ್ಯಾಸ: ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲ ಈ ಒಂದು ಪ್ರಶ್ನೆಯನ್ನು ಬಾಯಿಬಿಟ್ಟು ಮಾತಾಡಿ. ಮಕ್ಕಳು ಏನೆನ್ನುತ್ತಾರೋ ಕೇಳಿ.

ಸಾಧು, ಸಾಧು, ಸಾಧು 🌼