ಕೊಳ್ಳುವವನ ಧರ್ಮ

ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯು ಅಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನವು ಊರು ಬಿಟ್ಟು ಹೋಯಿತು. ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ದುಡಿಯುವ ಕೈಗಳು ನಸುಕಿನ ರೈಲು ಹಿಡಿದು ಬೆಂಗಳೂರಿನತ್ತ ಹೊರಟವು.

ಅಲ್ಲಿನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಚಿಕ್ಕ ಮನೆ ಮಾರಾಟಕ್ಕಿದೆ ಎಂದು ಭಾವಿಸೋಣ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಿನಲ್ಲಿ ನುಗ್ಗೆಮರ. ಭೂಗರ್ಭದಲ್ಲಿ ದುಡಿದ ತಂದೆ ಉಳಿಸಿದ ಹಣದಲ್ಲಿ ಕಟ್ಟಿಸಿದ್ದು. ಈಗ ಮಗನಿಗೆ ತಾಯಿಯ ಚಿಕಿತ್ಸೆಗಾಗಿ ಹಣ ಬೇಕು, ಅದೂ ಈ ತಿಂಗಳೇ ಬೇಕು. ಈ ತುರ್ತನ್ನು ದಲ್ಲಾಳಿಯಿಂದ ತಿಳಿದ ಗಿರಾಕಿಯು ನ್ಯಾಯವಾದ ಬೆಲೆಯ ಅರ್ಧವನ್ನಷ್ಟೇ ಹೇಳುತ್ತಾನೆ. ಮಗನು ತಲೆಯಾಡಿಸುತ್ತಾನೆ. ಇಲ್ಲಿ ಅನ್ಯಾಯವಾಯಿತೇ?

"ಅವನೇ ಒಪ್ಪಿದ, ನಾನೇನು ಕಸಿದುಕೊಂಡೆನೇ?" ಎಂಬುದು ಕೊಂಡವನ ಸಮಾಧಾನ. ಆದರೆ ಒಪ್ಪಿಗೆಯು ಎಲ್ಲ ಕಾಲಕ್ಕೂ ನ್ಯಾಯದ ಮುದ್ರೆಯಲ್ಲ. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಕಾರ್ಮಿಕರ ಕೂಲಿಯನ್ನು ಕುರಿತು ಇದೇ ಮಾತನ್ನು ವಿಚಾರ ಮಾಡಿದ್ದಾರೆ: ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿದವನು ಬಲಾತ್ಕಾರಕ್ಕೆ ಒಳಗಾದವನೇ ಎಂಬುದು ಅವರ ವಾದದ ತಿರುಳು. ಕೂಲಿಗೆ ಸಲ್ಲುವ ಈ ನ್ಯಾಯವು ಆ ಕೂಲಿಯಿಂದ ಎದ್ದ ಮನೆಗೂ ಸಲ್ಲಬೇಕಲ್ಲವೇ?

ಕೊಳ್ಳುವವನೂ ಬಡವನಿರಬಹುದು, ಗೋಡೆ ಬಿರುಕು ಬಿಟ್ಟಿರಬಹುದು, ಉದ್ಯೋಗವಿಲ್ಲದ ಊರಿನಲ್ಲಿ ಬೆಲೆ ಇಳಿಯುವುದು ಸಹಜವೂ ಹೌದು. ಶಕ್ತಿಮೀರಿ ಕೊಡು ಎಂದು ಧರ್ಮವು ಯಾರನ್ನೂ ಕೇಳುವುದಿಲ್ಲ. ಮನೆಯ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದು ವ್ಯಾಪಾರ. ಮನುಷ್ಯನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದು ಸುಲಿಗೆ. ಈ ಗೆರೆಯನ್ನು ಯಾವ ನೋಂದಣಿ ಕಚೇರಿಯೂ ಎಳೆಯಲಾರದು. ಅದನ್ನು ಎಳೆಯಬೇಕಾದದ್ದು ನಮ್ಮ ಅಂತಃಸಾಕ್ಷಿ.

ಇದು ಗಣಿಯ ಊರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಹಾನಗಲ್ ತಾಲೂಕಿನ ತಿಳವಳ್ಳಿಯಂತಹ ಕೃಷಿಯ ಊರಿನಲ್ಲಿಯೂ ಮಳೆ ಕೈಕೊಟ್ಟ ವರ್ಷ, ಮಗಳ ಮದುವೆಯ ವರ್ಷ, ಮನೆಯೋ ಹೊಲವೋ ಮಾರಾಟಕ್ಕೆ ಬರುವುದುಂಟು. ಆಗ ಕೊಳ್ಳುವವರು ನಾವೇ ಆಗಿರಬಹುದು. ಮುಂಗಡ ಕೊಟ್ಟು ಉಳಿದ ಹಣಕ್ಕೆ ಅಲೆದಾಡಿಸದಿರುವುದು, ಕೊಟ್ಟ ಮೊತ್ತವನ್ನೇ ಕ್ರಯಪತ್ರದಲ್ಲಿ ಬರೆಸುವುದು, ಮುದುಕಿ ತಾಯಿಗೆ ಸಾಮಾನು ಸಾಗಿಸಲು ಒಂದು ತಿಂಗಳ ಬಿಡುವು ಕೊಡುವುದು: ಇವು ದೊಡ್ಡ ತ್ಯಾಗಗಳಲ್ಲ, ಆದರೂ ಮಾರಿದವನ ಮಾನವನ್ನು ಉಳಿಸುವಂಥವು.

ಪ್ರವಾದಿ ಯೆರೆಮೀಯನು ಶತ್ರುಸೈನ್ಯ ಜೆರುಸಲೇಮನ್ನು ಮುತ್ತಿದ್ದಾಗ ಅನಾತೋತಿನಲ್ಲಿ ತನ್ನ ಬಂಧುವಿನ ಹೊಲವನ್ನು ಕೊಂಡನು. ಆ ಸಮಯದಲ್ಲಿ ಅಲ್ಲಿನ ನೆಲವನ್ನು ಕೇಳುವವರು ಯಾರಿದ್ದರು? ಆದರೂ ಅವನು ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟನು, ಸಾಕ್ಷಿಗಳ ಮುಂದೆ ಪತ್ರ ಬರೆಸಿದನು, ಅದನ್ನು ಮಣ್ಣಿನ ಮಡಕೆಯಲ್ಲಿ ಇಡಿಸಿದನು. ಹಾಳಾಗುತ್ತಿದ್ದ ಊರಿಗೂ ನಾಳೆಯೊಂದಿದೆ ಎಂದು ಅವನು ನಂಬಿದ್ದನು. ಎಲ್ಲರೂ ಕೈಬಿಟ್ಟ ಊರಿನಲ್ಲಿ ಚಿಕ್ಕ ಮನೆಯೊಂದಕ್ಕೆ ನ್ಯಾಯವಾದ ಬೆಲೆ ಕೊಡುವವನು ಮಾರುವವನ ಕಣ್ಣೀರನ್ನು ಒರೆಸುತ್ತಾನೆ. ಆ ಊರಿಗೂ ಬೆಲೆಯಿದೆ ಎಂದು ಸಾಕ್ಷಿ ನುಡಿಯುತ್ತಾನೆ.