ಮಿತವ್ಯಯ ಮತ್ತು ಅಗ್ಗದ ಸುಖ

ದುಡಿಮೆಯಿಂದ ಬಳಲಿದ ಮನುಷ್ಯನು ಕೆಲವು ದಿನಗಳ ಬಿಡುವನ್ನು ಬಯಸುವುದು ಸಹಜ. ಆ ಬಿಡುವಿನಲ್ಲಿ ಕಡಲನ್ನು ಕಾಣಬೇಕೆಂಬ ಆಸೆಯೂ ನಿಂದ್ಯವಲ್ಲ. ಸಮುದ್ರತೀರವು ಸಿರಿವಂತರಿಗೆ, ಅದರ ಚಿತ್ರಪಟ ಮಾತ್ರ ಉಳಿದವರಿಗೆ ಎಂದು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ಕಡಿಮೆ ಖರ್ಚಿನ ವಿಹಾರವನ್ನು ಹುಡುಕುವ ಸಾಮಾನ್ಯ ಗೃಹಸ್ಥನನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ 'ಕಡಿಮೆ ಖರ್ಚು' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ನಮ್ಮ ಬೇಡಿಕೆಯನ್ನೇ ಕುಗ್ಗಿಸಿಕೊಂಡು ಖರ್ಚನ್ನು ಇಳಿಸುವುದು ಒಂದು; ಬೇಡಿಕೆಯನ್ನು ಇದ್ದಂತೆಯೇ ಇರಿಸಿಕೊಂಡು ಅದರ ಬೆಲೆಯನ್ನು ಬೇರೆಯವರ ಮೇಲೆ ಹೊರಿಸುವುದು ಇನ್ನೊಂದು. ಮೊದಲನೆಯದು ಮಿತವ್ಯಯ, ಎರಡನೆಯದು ಅಗ್ಗದ ಸುಖ. ಜೇಬಿನ ಲೆಕ್ಕದಲ್ಲಿ ಎರಡೂ ಒಂದೇ ಆಗಿ ತೋರಬಹುದು. ನೀತಿಯ ಲೆಕ್ಕದಲ್ಲಿ ಅವುಗಳ ಅಂತರ ಬಹು ದೊಡ್ಡದು.

ಈ ಭೇದವನ್ನು ಮನಗಾಣಲು ದೂರದ ಒಂದು ಪುಟ್ಟ ದ್ವೀಪವನ್ನು ನೋಡಬಹುದು. ಕೆರಿಬಿಯನ್ ಸಮುದ್ರದಲ್ಲಿ, ವೆನಿಜುವೆಲಾ ದೇಶದ ಕರಾವಳಿಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಬೊನೇರ್ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ 288 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 25,000. 1636ರಲ್ಲಿ ಡಚ್ಚರ ವಶವಾದ ಈ ದ್ವೀಪವು 2010ರ ಅಕ್ಟೋಬರ್ 10ರಿಂದ ನೆದರ್ಲೆಂಡ್ಸ್ ದೇಶದ ವಿಶೇಷ ಪೌರಾಡಳಿತಕ್ಕೆ ಒಳಪಟ್ಟಿದೆ. ಮಳೆ ಕಡಿಮೆ, ಒಣನೆಲದಲ್ಲಿ ಕಳ್ಳಿಗಿಡಗಳೇ ಹೆಚ್ಚು. ಕುಡಿಯುವ ನೀರನ್ನು ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಪಡೆಯಬೇಕು. ವಿಶಾಲವಾದ ಮರಳಿನ ದಂಡೆಗಳೂ ಇಲ್ಲಿ ವಿರಳ. ಆದರೆ ದಡದಿಂದ ಸ್ವಲ್ಪ ದೂರ ಈಜಿದರೆ ಸಾಕು, ಹವಳದ ದಿಬ್ಬಗಳು ಎದುರಾಗುತ್ತವೆ. ನೀರಿಗಿಳಿಯುವ ತಾಣಗಳನ್ನು ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿಂದ ಗುರುತಿಸಿದ್ದಾರೆ. ದೋಣಿಯನ್ನು ಬಾಡಿಗೆಗೆ ಹಿಡಿಯದೆ ಸಾಮಾನ್ಯ ಆದಾಯದವನೂ ಈ ಸೌಂದರ್ಯವನ್ನು ಕಣ್ತುಂಬ ಕಾಣಬಹುದು. ಅಗ್ಗದ ವಸ್ತುವಿಗೆ ನಿಜವಾದ ಬೆಲೆಯನ್ನು ಯಾರು ತೆರುತ್ತಾರೆಂಬುದಕ್ಕೆ ಕಲ್ಲಿನ ಸಾಕ್ಷ್ಯವೂ ಇದೇ ದ್ವೀಪದಲ್ಲಿ ಉಳಿದಿದೆ.

ದ್ವೀಪದ ದಕ್ಷಿಣ ಭಾಗದಲ್ಲಿ ಉಪ್ಪಿನ ಆಗರಗಳಿವೆ. ಹಿಂದೆ ಆಫ್ರಿಕದಿಂದ ತಂದ ಗುಲಾಮರೂ ಅವರ ಸಂತತಿಯವರೂ ಸುಡುಬಿಸಿಲಿನಲ್ಲಿ ಇಲ್ಲಿ ಉಪ್ಪನ್ನು ತೆಗೆಯುತ್ತಿದ್ದರು. 1850ರಲ್ಲಿ ಅವರು ಮಲಗುವುದಕ್ಕೆಂದು ಕಟ್ಟಿಸಿದ ಕಲ್ಲಿನ ಗುಡಿಸಲುಗಳು ಇಂದಿಗೂ ಕಡಲಂಚಿನಲ್ಲಿ ನಿಂತಿವೆ. ಅವುಗಳ ಬಾಗಿಲು ಎಷ್ಟು ತಗ್ಗೆಂದರೆ, ಬೆಳೆದ ಮನುಷ್ಯನು ನಡು ಬಗ್ಗಿಸದೆ ಒಳಹೋಗಲಾರನು. ಅವರ ಮಡದಿ ಮಕ್ಕಳು ಇದ್ದುದು ಉತ್ತರದ ರಿಂಕೋನ್ ಹಳ್ಳಿಯಲ್ಲಿ. ವಾರದ ಕೊನೆಗೆ ಹಲವು ಗಂಟೆಗಳ ಕಾಲ ನಡೆದು ಮನೆ ಸೇರಿ, ಮತ್ತೆ ಅಷ್ಟೇ ದೂರ ನಡೆದು ಕೆಲಸಕ್ಕೆ ಮರಳುತ್ತಿದ್ದರು. 1863ರ ಜುಲೈ 1ರಂದು ಅವರಿಗೆ ಬಿಡುಗಡೆಯಾಯಿತು. ಆ ಉಪ್ಪನ್ನು ದೂರದ ಊರಿನಲ್ಲಿ ಕೊಂಡು ಅಡುಗೆಗೆ ಬಳಸಿದವರೆಲ್ಲ ಕ್ರೂರಿಗಳಾಗಿದ್ದರೆಂದು ಹೇಳಲಾಗದು. ಅಂಗಡಿಯವನು ಕೇಳಿದ ಬೆಲೆಯನ್ನು ಅವರು ಪ್ರಾಮಾಣಿಕವಾಗಿಯೇ ಕೊಟ್ಟಿರಬೇಕು. ಹಿಂಸೆ ನಡೆಯಲು ಕೊಳ್ಳುವವನ ಮನಸ್ಸಿನಲ್ಲಿ ಕ್ರೌರ್ಯ ಇರಬೇಕಾದ ಅಗತ್ಯವಿಲ್ಲ. ಅವನಿಗೂ ನೋಯುವವನಿಗೂ ನಡುವೆ ಸಾಕಷ್ಟು ದೂರವಿದ್ದು, ಈ ವಸ್ತು ಇಷ್ಟು ಅಗ್ಗವೇಕೆ ಎಂಬ ಪ್ರಶ್ನೆ ಅವನಲ್ಲಿ ಹುಟ್ಟದಿದ್ದರೆ ಅಷ್ಟೇ ಸಾಕು. ಈ ಸತ್ಯವನ್ನು ಆ ಗುಡಿಸಲುಗಳು ಸಾರುತ್ತಿವೆ.

ಗುಲಾಮಗಿರಿ ಅಳಿಯಿತು, ಆದರೆ ಆ ಪ್ರಶ್ನೆ ಅಳಿಯಲಿಲ್ಲ. ಇಂದು ವಿಹಾರಿಯ ಅಗ್ಗದ ಸುಖಕ್ಕೆ ಬೆಲೆ ತೆರುವವರಲ್ಲಿ ಮಾತು ಬಾರದ ಜೀವಿಗಳು ಹೆಚ್ಚು. ನಾವು ಕಾಲಿಟ್ಟು ಸಂತೋಷಪಡುವ ಬಿಳಿಯ ಮರಳನ್ನೇ ತೆಗೆದುಕೊಳ್ಳೋಣ. ಇಂಥ ದ್ವೀಪಗಳಲ್ಲಿ ಅದರ ಬಹುಭಾಗವು ಜೀವಿಗಳಿಂದಲೇ ಉಂಟಾದದ್ದು. ಗಿಳಿಯ ಕೊಕ್ಕಿನಂಥ ಬಾಯುಳ್ಳ ಒಂದು ಬಗೆಯ ಮೀನು ಹವಳದ ಕಲ್ಲನ್ನು ಕೆರೆದು, ಅದರ ಮೇಲಿನ ಪಾಚಿಯನ್ನು ತಿಂದು, ಕಲ್ಲಿನ ಅಂಶವನ್ನು ನುಣ್ಣನೆಯ ಮರಳಾಗಿ ಹೊರಹಾಕುತ್ತದೆ. ದೊಡ್ಡ ಗಾತ್ರದ ಒಂದು ಮೀನು ಒಂದು ವರ್ಷದಲ್ಲಿ ನೂರು ಕಿಲೋಗೂ ಮಿಕ್ಕಿ ಮರಳನ್ನು ಉಂಟುಮಾಡಬಲ್ಲದು. ಆ ಮೀನು ಪಾಚಿಯನ್ನು ತಿನ್ನದಿದ್ದರೆ ಹವಳ ಉಸಿರುಗಟ್ಟುತ್ತದೆ. ಹವಳ ಸತ್ತರೆ ಅಲೆಯ ಹೊಡೆತಕ್ಕೆ ತಡೆಯಿಲ್ಲದೆ ದಡ ಸವೆಯುತ್ತದೆ. ಹೀಗೆ ಒಂದು ಹಿಡಿ ಮರಳಿನ ಹಿಂದೆ ಅಸಂಖ್ಯ ಜೀವಗಳ ಪರಸ್ಪರ ಆಶ್ರಯವಿದೆ. ಅವು ನಮಗೆ ಬೆಲೆಪಟ್ಟಿ ಕಳುಹಿಸುವುದಿಲ್ಲ. ಆದ್ದರಿಂದಲೇ ಅವುಗಳ ಋಣ ನಮ್ಮ ಲೆಕ್ಕದಲ್ಲಿ ಸೇರುವುದಿಲ್ಲ.

ಬೊನೇರ್‌ನ ಜನ ಈ ಋಣವನ್ನು ಲೆಕ್ಕಕ್ಕೆ ತರಲು ಯತ್ನಿಸಿರುವುದು ಶ್ಲಾಘನೀಯ. 1971ರಲ್ಲಿ ಈಟಿಯಿಂದ ಮೀನು ಬೇಟೆಯಾಡುವುದನ್ನು ನಿಷೇಧಿಸಿದರು. 1979ರಲ್ಲಿ ದ್ವೀಪದ ಸುತ್ತಲಿನ ಸಮುದ್ರವನ್ನು 60 ಮೀಟರ್ ಆಳದವರೆಗೆ ರಕ್ಷಿತ ವನದಂತೆ ಘೋಷಿಸಿದರು. ಹವಳದ ಮೇಲೆ ಲಂಗರು ಹಾಕುವಂತಿಲ್ಲ. ದೋಣಿಗಳನ್ನು ತೇಲುಗುಂಡುಗಳಿಗೆ ಕಟ್ಟಬೇಕು. ಮುಳುಗುವವರು ಕೈಗವಸು ತೊಡುವಂತಿಲ್ಲ, ಏಕೆಂದರೆ ಗವಸು ತೊಟ್ಟ ಕೈ ಹವಳವನ್ನು ಹಿಡಿಯಲು ಅಂಜುವುದಿಲ್ಲ. ಗಿಳಿಮೀನನ್ನು ಹಿಡಿಯುವುದಕ್ಕೆ 2010ರಲ್ಲಿ ತಡೆ ಬಂದಿತು. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳುಳ್ಳ ಬಿಸಿಲಿನ ಲೇಪಗಳ ಮಾರಾಟವನ್ನು 2021ರಿಂದ ನಿಲ್ಲಿಸಲು ನಿರ್ಧರಿಸಿದರು.

ಈ ರಕ್ಷಣೆಗೆ ಹಣ ಬೇಕಷ್ಟೆ. ಆರಂಭದಲ್ಲಿ ಬಂದ ಅನುದಾನ ಮುಗಿದ ಮೇಲೆ ಮೇಲ್ವಿಚಾರಣೆಯೂ ಕುಂಟಿತು. ಆಗ 1992ರಲ್ಲಿ ಮುಳುಗುವವರಿಂದ ವರ್ಷಕ್ಕೆ 10 ಡಾಲರ್ ಶುಲ್ಕ ಪಡೆಯುವ ಕ್ರಮ ಬಂದಿತು. 2023ರಲ್ಲಿ ಈ ನಿಸರ್ಗ ಶುಲ್ಕವನ್ನು 40 ಡಾಲರಿಗೆ ನಿಗದಿಪಡಿಸಿದರು. ಇದಲ್ಲದೆ 2022ರ ಜುಲೈ ತಿಂಗಳಿನಿಂದ ಹೊರಗಿನಿಂದ ಬರುವ ವಯಸ್ಕರು 75 ಡಾಲರ್ ಪ್ರವೇಶ ತೆರಿಗೆ ಕೊಡಬೇಕೆಂದು ಗೊತ್ತಾಯಿತು. ಎರಡೂ ಸೇರಿ 115 ಡಾಲರ್. ಅಗ್ಗದ ವಿಹಾರವನ್ನು ಅರಸುವವನಿಗೆ ಮೊದಲು ಕಣ್ಣಿಗೆ ಚುಚ್ಚುವ ಖರ್ಚು ಇದೇ. 'ಸಮುದ್ರ ದೇವರು ಕೊಟ್ಟದ್ದು, ಅದಕ್ಕೆ ಸುಂಕವೇಕೆ?' ಎಂದು ಅವನು ಕೇಳಬಹುದು.

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಿತವಾದ ವರಮಾನದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಧನಿಕನಿಗೆ ಇದು ಗಮನಕ್ಕೂ ಬಾರದು. ಎಲ್ಲರಿಗೂ ಒಂದೇ ದರವಿರುವ ಶುಲ್ಕದಲ್ಲಿ ಅಷ್ಟರಮಟ್ಟಿನ ಅನ್ಯಾಯವಿದೆ ಎಂದು ಒಪ್ಪಬೇಕು. ಆದರೂ ನಾವು ಈ ಪಾಲನ್ನು ಕೊಡದಿದ್ದರೆ ಅದು ಮಾಯವಾಗುವುದಿಲ್ಲ. ದ್ವೀಪದ ನಿವಾಸಿಯ ಹೆಗಲಿಗೋ ಹವಳದ ಪ್ರಾಣಕ್ಕೋ ವರ್ಗವಾಗುತ್ತದೆ. ನಮಗಿಂತ ಬಡವನಾದವನ ಮೇಲೆ, ನಮಗಿಂತ ದುರ್ಬಲವಾದ ಜೀವಿಯ ಮೇಲೆ ನಮ್ಮ ಸಂತೋಷದ ಸಾಲವನ್ನು ಹೊರಿಸುವುದನ್ನು ಜಾಣತನವೆನ್ನಬಹುದೇ? ನಮ್ಮಲ್ಲಿ ಹಣ ಕಡಿಮೆಯಿರುವುದು ನಮ್ಮ ಆಸೆಯನ್ನು ಕಡಿಮೆ ಮಾಡಿಕೊಳ್ಳಲು ಕಾರಣವಾಗಬೇಕೇ ಹೊರತು ಪರರ ಪಾಲನ್ನು ಕಡಿಮೆ ಮಾಡಲು ಕಾರಣವಾಗಬಾರದು.

ಮಿತವ್ಯಯಿಗೆ ಇಲ್ಲಿ ದಾರಿಗಳಿಲ್ಲದೆ ಇಲ್ಲ. ದೊಡ್ಡ ಹೋಟೆಲನ್ನು ಬಿಟ್ಟು ಊರವರ ಸಣ್ಣ ವಸತಿಯಲ್ಲಿ ತಂಗಬಹುದು. ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಬಹುದು. ಜನಸಂದಣಿಯ ತಿಂಗಳುಗಳನ್ನು ಬಿಟ್ಟು ಬೇರೆ ಕಾಲದಲ್ಲಿ ಹೋಗಬಹುದು. ನೀರು ದುಬಾರಿಯೂ ದುರ್ಲಭವೂ ಆದ ನೆಲದಲ್ಲಿ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಬಹುದು. ಇವೆಲ್ಲ ತನ್ನ ಬೇಡಿಕೆಯನ್ನು ತಾನೇ ಕತ್ತರಿಸಿಕೊಂಡ ಉಳಿತಾಯಗಳು. ಆದರೆ ವಸತಿಯ ಒಡತಿಯೊಡನೆ ಚೌಕಾಸಿ ಮಾಡಿ ಆಕೆಯ ಕೂಲಿಯನ್ನು ಇಳಿಸುವುದು, ಶುಲ್ಕ ತಪ್ಪಿಸಿ ಕದ್ದು ನೀರಿಗಿಳಿಯುವುದು, ನಿಷೇಧವಿದ್ದರೂ ಹವಳದ ಚೂರನ್ನೋ ಚಿಪ್ಪನ್ನೋ ನೆನಪಿನ ಕಾಣಿಕೆಯೆಂದು ಗಂಟು ಕಟ್ಟುವುದು ಉಳಿತಾಯಗಳಲ್ಲ, ಕಸಿಯುವಿಕೆಗಳು.

ಇನ್ನೊಂದು ಕಠಿಣ ಪ್ರಶ್ನೆ ಉಳಿದಿದೆ. ಅಷ್ಟು ದೂರ ಹಾರುವ ವಿಮಾನದ ಹೊಗೆಯೇ ಕಡಲನ್ನು ಕಾಯಿಸಿ ಹವಳವನ್ನು ಕೊಲ್ಲುವುದಾದರೆ, ಹೋಗದಿರುವುದೇ ಧರ್ಮವಲ್ಲವೇ? ಸಮುದ್ರಮಟ್ಟ ಏರುತ್ತಿರುವಾಗ ತಮ್ಮ ರಕ್ಷಣೆಗೆ ಸಾಕಷ್ಟು ಕ್ರಮ ಕೈಗೊಂಡಿಲ್ಲವೆಂದು ಬೊನೇರ್‌ನ 8 ಮಂದಿ ನಿವಾಸಿಗಳು ಗ್ರೀನ್‌ಪೀಸ್ ಸಂಸ್ಥೆಯೊಡನೆ 2024ರಲ್ಲಿ ಡಚ್ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನೆನೆದರೆ ಈ ಪ್ರಶ್ನೆ ಇನ್ನೂ ಭಾರವಾಗುತ್ತದೆ. ಇತ್ತ ಅದೇ ದ್ವೀಪದ ಬಹು ಮನೆಗಳ ಒಲೆ ಉರಿಯುವುದು ವಿಹಾರಿಗಳಿಂದಲೇ. ಪೂರ್ಣ ನಿರ್ದೋಷವಾದ ಮಾರ್ಗ ಇಲ್ಲಿ ಕಾಣದು. ಆದರೆ ಹೆಚ್ಚು ಕಡಿಮೆಗಳ ವಿವೇಕ ಸಾಧ್ಯ. ಅಗ್ಗದ ಟಿಕೆಟ್ ದೊರೆಯಿತೆಂದು ಪ್ರತಿವರ್ಷ ಮೂರು ದಿನ ಓಡಿಹೋಗಿ ಬರುವುದಕ್ಕಿಂತ, ಜೀವನದಲ್ಲಿ ಒಮ್ಮೆ ಹೋಗಿ ಹದಿನೈದು ದಿನ ಶಾಂತವಾಗಿದ್ದು ಬರುವುದು ಮೇಲು. ಹತ್ತಿರದ ತೀರವೊಂದು ಅದೇ ವಿಶ್ರಾಂತಿಯನ್ನು ಕೊಡುವುದಾದರೆ ಅದು ಇನ್ನೂ ಮೇಲು.

ಬೊನೇರ್‌ನ ಎದುರಿಗೆ ಕ್ಲೈನ್ ಬೊನೇರ್ ಎಂಬ ನಿರ್ಜನ ಕಿರುದ್ವೀಪವಿದೆ. ಅಲ್ಲಿ ಹೋಟೆಲುಗಳು ಏಳಬಾರದೆಂದು 1999ರಲ್ಲಿ ಅದನ್ನು ಖಾಸಗಿಯವರಿಂದ ಹಣ ಕೊಟ್ಟು ಕೊಂಡು ಉಳಿಸಿದರು. ಇಂದಿಗೂ ಅಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ದಕ್ಷಿಣದ ಉಪ್ಪಿನ ಆಗರಗಳ ನಡುವೆ ರಾಜಹಂಸಗಳು ಗೂಡು ಕಟ್ಟುವ ಎಡೆಗೆ ಯಾರಿಗೂ ಪ್ರವೇಶವಿಲ್ಲ. ದೂರದ ರಸ್ತೆಯಲ್ಲಿ ನಿಂತೇ ನೋಡಬೇಕು. ಒಂದು ಕಾಲದಲ್ಲಿ ಮನುಷ್ಯರಿಗೆ ನೆಟ್ಟಗೆ ನಿಲ್ಲಲೂ ಎಡೆ ಕೊಡದ ಅದೇ ಆಗರ ಇಂದು ಹಕ್ಕಿಗಳಿಗೆ ನಿರ್ಭಯದ ಎಡೆಯಾಗಿದೆ. ಬೆಲೆ ಕೊಡುವುದೆಂದರೆ ಹಣ ಎಣಿಸುವುದಷ್ಟೇ ಅಲ್ಲ. ಅನುಭವಿಸಬಹುದಾದುದನ್ನು ಅನುಭವಿಸದೆ ಬಿಟ್ಟು ದೂರ ನಿಲ್ಲುವುದೂ ಬೆಲೆಯೇ. ಆ ಬೆಲೆಯನ್ನು ಬಡವನೂ ಕೊಡಬಲ್ಲನು.

ಆದ್ದರಿಂದ ಮುಂದೆ ಯಾವುದೇ ವಸ್ತು, ಯಾವುದೇ ವಿಹಾರ ನಮಗೆ ಅಗ್ಗವಾಗಿ ದೊರೆತಾಗ ಹಿಗ್ಗುವುದಕ್ಕೆ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ನಾನು ಕೊಡದೆ ಉಳಿಸಿದ ಈ ಹಣವನ್ನು ನನ್ನ ಬದಲು ಯಾರು ಕೊಟ್ಟರು? 'ನನ್ನ ಆಸೆಯೇ ಕೊಟ್ಟಿತು' ಎಂಬ ಉತ್ತರ ಬಂದರೆ ನೆಮ್ಮದಿಯಿಂದ ಹೋಗಿ ಬರಬಹುದು. ಬೇರೆ ಉತ್ತರ ಬಂದರೆ, ಅವರ ಪಾಲನ್ನು ಅವರಿಗೆ ಸಲ್ಲಿಸಿದ ಮೇಲೆಯೇ ಹೊರಡುವುದು ಯೋಗ್ಯ.